ಮದ್ದೂರಿನ ಮಚ್ಚು, ಪರದೆಯ ಮಚ್ಚು

ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಬೆಳಿಗ್ಗೆ ಒಂದರ್ಧ ಗಂಟೆ ಸುಮ್ನೆ ನಿಂತು ನೋಡಿ. ಲಾರಿಗೆ ತುಂಬುತ್ತಿರುವ ಎಳನೀರಿನ ರಾಶಿ, ಟೀ ಕುಡಿಯುತ್ತಾ ರೇಟು ಮಾತಾಡುವವರು, ಪಕ್ಕದಲ್ಲೇ ಮಚ್ಚು ಹಿಡಿದ ಕೈಗಳು. ಮಚ್ಚು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಎಳನೀರು ನಿಮ್ಮ ಕೈಗೆ ಬರುತ್ತದೆ. ಯಾರಿಗೂ ಹೆದರಿಕೆಯಿಲ್ಲ. ಚಿಕ್ಕ ಮಕ್ಕಳೂ ಅಲ್ಲೇ ನಿಂತು ಕೆನೆ ಕೇಳುತ್ತಿರುತ್ತಾರೆ.

ಈಗ ಅದೇ ಮಚ್ಚನ್ನು ಸಿನಿಮಾ ಪರದೆ ಮೇಲೆ ಇಡಿ. ಮುಖ ಬೇಡ, ಮಾತು ಬೇಡ. ಬರೀ ಒಂದು ಕೈ, ಆ ಕೈಯಲ್ಲಿ ಮಚ್ಚು, ಅದರ ತುದಿಯಿಂದ ತೊಟ್ಟಿಕ್ಕುವ ಮಳೆನೀರು. ಮುಂದೆ ಏನಾಗುತ್ತದೆ ಅಂತ ಇಡೀ ಥಿಯೇಟರಿಗೆ ಗೊತ್ತಾಗಿಬಿಡುತ್ತದೆ. ಅಲ್ಲಿ ಕೂತವರಲ್ಲಿ ಬೆಳಿಗ್ಗೆ ನಾಲ್ಕು ನೂರು ಎಳನೀರು ಕೆತ್ತಿ ಬಂದವರೂ ಇರಬಹುದು, ಅಲ್ವಾ? ಆ ಗಳಿಗೆಯಲ್ಲಿ ಅವರಿಗೂ ಎಳನೀರು ನೆನಪಾಗುವುದಿಲ್ಲ.

ಆ ಭಯ ಎಲ್ಲಿಂದ ಬಂತು? ಕಬ್ಬಿಣದಲ್ಲಿ ಇರಲಿಲ್ಲ, ಹಿಡಿಯಲ್ಲೂ ಇರಲಿಲ್ಲ. ಸಿನಿಮಾ ಮಂದಿ ಈ ಪ್ರಶ್ನೆಯ ಬೆನ್ನು ಹತ್ತಿ ನೂರು ವರ್ಷ ದಾಟಿದೆ. ಆ ಕತೆ ನನಗೆ ತುಂಬಾ ಇಷ್ಟ, ಯಾಕೆಂದರೆ ಅದು ರಷ್ಯಾದಲ್ಲಿ ಶುರುವಾಗಿ, ಫ್ರಾನ್ಸ್ ಸುತ್ತಿ, ನಮ್ಮ ಮಂಡ್ಯ ಮೈಸೂರಿನ ಬಯಲಿಗೂ ಬಂದು ಹೋಗುತ್ತದೆ.

ರಷ್ಯಾದಲ್ಲಿ 1917ರ ಕ್ರಾಂತಿ ಆದಮೇಲೆ ಫಿಲ್ಮಿಗೆ ಬರ ಬಂದಿತ್ತು. ಹೊಸದಾಗಿ ಶೂಟಿಂಗ್ ಮಾಡೋಣವೆಂದರೆ ಕಚ್ಚಾ ರೀಲೇ ಇಲ್ಲ. ಮಾಸ್ಕೋದ ಸಿನಿಮಾ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಲೆವ್ ಕುಲೆಶೋವ್‌ಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು. ಅವರು ಇದ್ದಬದ್ದ ರೀಲುಗಳನ್ನೇ ಕತ್ತರಿಸಿ ಅಂಟಿಸಿ ನೋಡತೊಡಗಿದರು. ಇವಾನ್ ಮೊಝುಖಿನ್ ಎಂಬ ಹೆಸರಾಂತ ನಟನ ಒಂದು ಕ್ಲೋಸಪ್ ತೆಗೆದುಕೊಂಡರು. ಮುಖದಲ್ಲಿ ಅಂಥ ಭಾವವೇನೂ ಇಲ್ಲ. ಅದರ ಪಕ್ಕ ಒಂದು ಸಲ ಸೂಪಿನ ಬಟ್ಟಲು, ಇನ್ನೊಂದು ಸಲ ಶವಪೆಟ್ಟಿಗೆ, ಮತ್ತೊಂದು ಸಲ ಆಟವಾಡುವ ಮಗು. ನೋಡಿದವರು ಎಂಥಾ ನಟನೆ ಎಂದು ಹೊಗಳಿದರಂತೆ. ಹಸಿವು ಕಂಡಿತು, ದುಃಖ ಕಂಡಿತು, ಅಕ್ಕರೆ ಕಂಡಿತು. ಮುಖ ಮಾತ್ರ ಮೂರೂ ಸಲ ಅದೇ ಮುಖ. ಆ ತುಣುಕು ಇವತ್ತು ಉಳಿದಿಲ್ಲ, ಮೂರನೆಯ ಚಿತ್ರ ಮಗುವೋ ಮಲಗಿದ ಹೆಂಗಸೋ ಎಂದು ಹೇಳುವವರ ಮಾತಿನಲ್ಲೂ ವ್ಯತ್ಯಾಸ ಇದೆ. ಪಾಠ ಮಾತ್ರ ಉಳಿಯಿತು. ಒಂದು ಚಿತ್ರಕ್ಕೆ ಏನು ಅರ್ಥ ಅನ್ನುವುದು ಅದರ ನೆರೆಮನೆಯಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ನಿಂತಿದೆ.

ಜಗಲಿ ಮೇಲೆ ಸುಮ್ಮನೆ ಕೂತ ಒಬ್ಬ ರೈತನ ಮುಖ ಎಂದುಕೊಳ್ಳಿ. ಮುಂದಿನ ಶಾಟ್ ಬಿರುಕು ಬಿಟ್ಟ ಗದ್ದೆಯಾದರೆ ಅವನಿಗೆ ಸಾಲದ ಚಿಂತೆ. ಮದುವೆ ಚಪ್ಪರವಾದರೆ ಮಗಳನ್ನು ಕಳಿಸಿಕೊಡುವ ಸಂಕಟ. ತಟ್ಟೆಯಲ್ಲಿ ಬಿಸಿ ಮುದ್ದೆ, ಸೊಪ್ಪಿನ ಸಾರು ಇದ್ದರೆ ಪಾಪ, ಹಸಿದಿದ್ದಾನೆ. ಅವನು ಏನೂ ಮಾಡಿಲ್ಲ. ಮಾಡಿದ್ದೆಲ್ಲ ನಾವು.

ಕುಲೆಶೋವ್ ಹತ್ತಿರ ಸ್ವಲ್ಪ ಕಾಲ ಕಲಿತ ನಿರ್ದೇಶಕ ಸೆರ್ಗೆಯ್ ಐಸೆನ್‌ಸ್ಟೈನ್ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಎರಡು ಶಾಟ್ ಪಕ್ಕಪಕ್ಕ ಇಟ್ಟರೆ ಸಾಲದು, ಡಿಕ್ಕಿ ಹೊಡೆಸಬೇಕು ಅನ್ನುವುದು ಅವರ ವಾದ. 1925ರ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ನಲ್ಲಿ ಮೂರು ಕಲ್ಲಿನ ಸಿಂಹಗಳಿವೆ. ಒಂದು ಮಲಗಿದೆ, ಒಂದು ತಲೆ ಎತ್ತಿದೆ, ಒಂದು ಎದ್ದಿದೆ. ಮೂರೂ ಕ್ರಿಮಿಯಾದ ಒಂದು ಅರಮನೆಯ ಬೇರೆ ಬೇರೆ ಶಿಲ್ಪಗಳು. ಒಂದರ ಹಿಂದೆ ಒಂದು ಸರಸರ ಬಂದಾಗ ಒಂದೇ ಸಿಂಹ ರೊಚ್ಚಿಗೆದ್ದ ಹಾಗೆ ಕಾಣುತ್ತದೆ. 1929ರಲ್ಲಿ ಬರೆದ ಲೇಖನದಲ್ಲಿ ಅವರು ಇದಕ್ಕೆ ಚೀನಾ ಜಪಾನಿನ ಚಿತ್ರಲಿಪಿಯ ಹೋಲಿಕೆ ಕೊಟ್ಟರು. ಬಾಯಿಯ ಚಿತ್ರ, ಹಕ್ಕಿಯ ಚಿತ್ರ ಸೇರಿದರೆ ‘ಹಾಡು’ ಎಂದು ಅರ್ಥ.

ನಾನು ಇದನ್ನು ಮೊದಲ ಸಲ ಓದಿದಾಗ ನೆನಪಾದದ್ದು ಹೈಸ್ಕೂಲಿನ ಕನ್ನಡ ವ್ಯಾಕರಣ. ಬಹುವ್ರೀಹಿ ಸಮಾಸ ನೆನಪಿದೆಯಾ? ಮೂರು, ಕಣ್ಣು. ಎರಡೂ ಸೇರಿ ‘ಮುಕ್ಕಣ್ಣ’. ಅರ್ಥ ಮೂರೂ ಅಲ್ಲ, ಕಣ್ಣೂ ಅಲ್ಲ, ಶಿವ! ಎರಡು ಪದ ಸೇರಿ ಅಲ್ಲಿಲ್ಲದ ಮೂರನೆಯವನನ್ನು ಕರೆದುಕೊಂಡು ಬರುತ್ತವೆ. ಎಡಿಟಿಂಗ್ ಟೇಬಲ್ ಮೇಲೆ ಐಸೆನ್‌ಸ್ಟೈನ್ ಹುಡುಕುತ್ತಿದ್ದದ್ದೂ ಆ ಮೂರನೆಯವನನ್ನೇ.

ಇದೇ ಕಾಲಕ್ಕೆ, ಸಿನಿಮಾಗೆ ಸಂಬಂಧವೇ ಇಲ್ಲದ ಇಬ್ಬರ ಯೋಚನೆಗಳೂ ಜಗತ್ತಿಗೆ ತಲುಪುತ್ತಿದ್ದವು. ಸ್ವಿಟ್ಜರ್ಲೆಂಡಿನ ಭಾಷಾಶಾಸ್ತ್ರಜ್ಞ ಸೊಸ್ಯೂರ್ ತೀರಿಕೊಂಡ ಮೇಲೆ ಅವರ ಪಾಠಗಳು 1916ರಲ್ಲಿ ಪುಸ್ತಕವಾಗಿ ಬಂದವು. ‘ಹಸು’ ಎಂಬ ಸದ್ದಿಗೂ ಕೊಟ್ಟಿಗೆಯಲ್ಲಿರುವ ಹಸುವಿಗೂ ಹುಟ್ಟಿನ ನಂಟು ಏನೂ ಇಲ್ಲ, ನಾವೆಲ್ಲ ಒಪ್ಪಿಕೊಂಡಿದ್ದೇವೆ ಅಷ್ಟೇ ಎಂದರು ಅವರು. ಅಮೆರಿಕದ ತತ್ವಜ್ಞಾನಿ ಪರ್ಸ್ ಇನ್ನೂ ಬಿಡಿಸಿ ಗುರುತುಗಳಲ್ಲಿ ಮೂರು ಬಗೆ ಕಂಡರು. ಪಾಂಡವಪುರದ ಕಡೆ ಒಂದು ಸುತ್ತು ಹೋದರೆ ಮೂರೂ ಸಿಗುತ್ತವೆ. ಹಸುವಿನ ಫೋಟೋ ಹಸುವಿನ ಹಾಗೇ ಇದೆ, ಅದು ಹೋಲಿಕೆಯ ಗುರುತು. ದೂರದಲ್ಲಿ ಆಲೆಮನೆಯ ಹೊಗೆ ಕಂಡರೆ ಅಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ ಎಂದು ತಿಳಿಯುತ್ತದೆ, ಅದು ಸುಳಿವಿನ ಗುರುತು. ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಕಂಡರೆ ಒಳಗೆ ಶುಭಕಾರ್ಯ, ಅದು ನಮ್ಮ ನಮ್ಮಲ್ಲಿ ಆದ ಒಪ್ಪಂದದ ಗುರುತು. ಸಿನಿಮಾದ ಶಕ್ತಿಯೇ ಈ ಮೂರನ್ನೂ ಒಟ್ಟಿಗೆ ಹೊರುವುದರಲ್ಲಿದೆ ಎಂದು 1969ರಲ್ಲಿ ಸಿನಿಮಾ ಚಿಂತಕ ಪೀಟರ್ ವೊಲೆನ್ ಬರೆದರು. ಆಲೆಮನೆ ಹೊಗೆಯ ಒಂದು ಶಾಟ್ ಹೊಗೆಯ ಹಾಗೇ ಕಾಣುತ್ತದೆ, ಬೆಂಕಿಯ ಸುಳಿವೂ ಕೊಡುತ್ತದೆ, ಸರಿಯಾದ ಜಾಗದಲ್ಲಿಟ್ಟರೆ ‘ಊರು’ ಎಂಬ ನೆನಪೂ ಆಗುತ್ತದೆ.

ಸಿನಿಮಾದ ಗುರುತುಗಳ ಬಗ್ಗೆ ಯೋಚಿಸಿದ ಫ್ರಾನ್ಸಿನ ಕ್ರಿಶ್ಚಿಯನ್ ಮೆಟ್ಜ್ ಇನ್ನೊಂದು ಮುಖ್ಯ ಮಾತು ಹೇಳಿದ್ದರು. ಸಿನಿಮಾದ ಶಾಟ್ ಒಂದು ಪದ ಅಲ್ಲ, ಅದೊಂದು ವಾಕ್ಯ. ಪಿಸ್ತೂಲಿನ ಕ್ಲೋಸಪ್ ‘ಪಿಸ್ತೂಲು’ ಎಂದು ಹೇಳಿ ಸುಮ್ಮನಾಗುವುದಿಲ್ಲ, ಕೊನೇಪಕ್ಷ ‘ಇಗೋ ಪಿಸ್ತೂಲು’ ಎಂದಾದರೂ ಹೇಳುತ್ತದೆ. ನಮ್ಮ ಮಚ್ಚಿಗೆ ಬರೋಣ. ಮಾರುಕಟ್ಟೆಯಲ್ಲಿ ಅದು ಮಚ್ಚು. ಪರದೆಯಲ್ಲಿ ‘ಇಗೋ ಮಚ್ಚು, ನೋಡು’. ಯಾರೋ ನಮಗೆ ಅದನ್ನು ತೋರಿಸುತ್ತಿದ್ದಾರೆ. ತೋರಿಸಿದರು ಅಂದಮೇಲೆ ಏನೋ ಕಾರಣ ಇರಬೇಕು ಎಂದು ಮನಸ್ಸು ಓಡತೊಡಗುತ್ತದೆ.

ಹೇಳದೆ ಹೇಳುವುದು ನಮ್ಮಲ್ಲಿ ಹೊಸದಲ್ಲ. ಒಂಬತ್ತನೇ ಶತಮಾನದಲ್ಲೇ ಕಾಶ್ಮೀರದ ಆನಂದವರ್ಧನ ಇದನ್ನು ಧ್ವನಿ ಎಂದು ಕರೆದ. ಅದೇ ಶತಮಾನದ ನಮ್ಮ ‘ಕವಿರಾಜಮಾರ್ಗ’ದಲ್ಲೂ ಧ್ವನಿಯ ಮಾತಿದೆ. ಹಾಗಾಗಿ ಕಪ್ಪು ಬಿಳುಪು ಸಿನಿಮಾ ನಮ್ಮೂರುಗಳಿಗೆ ಬಂದಾಗ ನೋಡುವವರು ಬರಿಗೈಲಿ ಕೂತಿರಲಿಲ್ಲ.

ನಮ್ಮಜ್ಜಿ ಸಿನಿಮಾ ನೋಡಿದ್ದು ಟೆಂಟಿನಲ್ಲಿ, ಗಾಂಧಿ ಕ್ಲಾಸಿನ ಮರಳ ಮೇಲೆ ಕೂತು. ಓದು ಬರಹ ಬರುತ್ತಿರಲಿಲ್ಲ. ಪರದೆ ಮೇಲೆ ದೇವರ ಮುಂದಿನ ದೀಪ ಒಂದು ಸಲ ಅಲುಗಿದರೆ ಸಾಕು, ಸೆರಗು ಬಾಯಿಗೆ ಹೋಗುತ್ತಿತ್ತಂತೆ. ಆರುವವರೆಗೂ ಕಾಯಬೇಕಿರಲಿಲ್ಲ. ಕೈಯಿಂದ ಕುಂಕುಮದ ಬಟ್ಟಲು ಜಾರಿದರೆ, ಫೋಟೋದ ಗಾಜು ಒಡೆದರೆ, ಮುಂದಿನ ಸೀನು ಬರುವ ಮೊದಲೇ ಇಡೀ ಟೆಂಟು ಅಳುತ್ತಿತ್ತಂತೆ. ಈ ಗುರುತುಗಳನ್ನು ಅವರಿಗೆ ಯಾರೂ ಪಾಠ ಮಾಡಿರಲಿಲ್ಲ. ಮನೆಯಲ್ಲಿ ದೀಪ ‘ಆರಿತು’ ಎಂದರೆ ಬೈಯಿಸಿಕೊಳ್ಳಬೇಕಿತ್ತು, ‘ದೀಪ ದೊಡ್ಡದಾಯಿತು’ ಅನ್ನಬೇಕಿತ್ತು. ಮಾತಲ್ಲೇ ಅಷ್ಟು ಎಚ್ಚರ ಇದ್ದವರಿಗೆ ಪರದೆ ಮೇಲೆ ದೀಪ ಆರಿದರೆ ಹೇಗಾಗಿರಬೇಕು!

ಇನ್ನು ಎರಡು ಹೂವು ಒಂದಕ್ಕೊಂದು ತಾಗುವ ಶಾಟ್. ಸ್ವಾತಂತ್ರ್ಯಕ್ಕೆ ಮುಂಚಿನ ಭಾರತೀಯ ಸಿನಿಮಾಗಳಲ್ಲಿ ಮುತ್ತು ಇತ್ತು. ಆಮೇಲೆ ಸೆನ್ಸಾರಿನ ಕಣ್ಣು ಬಿಗಿಯಾಯಿತು, ತೆಗೆಯುವವರಿಗೂ ಅಂಜಿಕೆ ಬಂತು, ಮುತ್ತಿನ ಜಾಗಕ್ಕೆ ಹೂವು, ಜೋಡಿ ಹಕ್ಕಿ, ಮಿಂಚು ಬಂದವು. ಕತೆಗೆ ಬೇಕಿದ್ದರೆ ಮುತ್ತು ತೋರಿಸಬಹುದು ಎಂದು 1969ರಲ್ಲಿ ಸೆನ್ಸಾರಿನ ಬಗ್ಗೆ ನೇಮಿಸಿದ್ದ ಖೋಸ್ಲಾ ಸಮಿತಿ ಹೇಳಿದ ಮೇಲೂ ಹೂವುಗಳು ಜಾಗ ಬಿಡಲಿಲ್ಲ. ಅಷ್ಟು ಹೊತ್ತಿಗೆ ಅವು ಒಪ್ಪಂದದ ಗುರುತಾಗಿಬಿಟ್ಟಿದ್ದವು.

ಒಪ್ಪಂದ ಹಳೆಯದಾದಷ್ಟೂ ಗುರುತು ಸವೆಯುತ್ತದೆ. ಹತ್ತನೇ ಸಲ ದೀಪ ಆರಿದಾಗ ನಾವು ಅದನ್ನು ನೋಡುವುದೇ ಇಲ್ಲ, ನಿಘಂಟಿನ ಪದದ ಹಾಗೆ ಓದಿ ಮುಂದೆ ಹೋಗುತ್ತೇವೆ. ಒಳ್ಳೆಯ ನಿರ್ದೇಶಕರು ಮಾಡಿದ ಕೆಲಸವೆಲ್ಲ ಈ ಸವಕಲಿನ ಜೊತೆಗಿನ ಜಗಳ ಅಂತಲೇ ನನಗನ್ನಿಸುತ್ತದೆ.

ಪುಟ್ಟಣ್ಣ ಕಣಗಾಲ್ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು. ಗುರುತುಗಳ ಮೇಲೆ ಅವರಿಗೆ ಎಷ್ಟು ಪ್ರೀತಿ ಇತ್ತು ಎಂದು ಅವರ ಸಿನಿಮಾದ ಹೆಸರುಗಳೇ ಹೇಳುತ್ತವೆ. ಗೆಜ್ಜೆ, ಹಾವು, ಬಾಣಗಳ ಪಂಜರ. 1971ರ ‘ಶರಪಂಜರ’ ತ್ರಿವೇಣಿಯವರ ಕಾದಂಬರಿಯಿಂದ ಬಂದದ್ದು. ತ್ರಿವೇಣಿ ಮಂಡ್ಯದಲ್ಲಿ ಹುಟ್ಟಿ, ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು. ಅದರ ನಾಯಕಿ ಕಾವೇರಿಗೆ ಬುದ್ಧಿಭ್ರಮಣೆ ಆಗುತ್ತದೆ, ಆಸ್ಪತ್ರೆಗೆ ಹೋಗಿ ಗುಣವಾಗಿ ಮನೆಗೆ ಬರುತ್ತಾಳೆ. ಅವಳಿಗೆ ವಾಸಿಯಾಗಿದೆ. ಸುತ್ತಲಿನವರು ಮಾತ್ರ ಅವಳನ್ನು ಅದೇ ಅನುಮಾನದಿಂದ ನೋಡುತ್ತಾರೆ. ಅವಳು ಮಾಮೂಲಾಗಿ ಏನು ಮಾಡಿದರೂ ಅದರಲ್ಲಿ ಹುಚ್ಚಿನ ಸುಳಿವು ಹುಡುಕುತ್ತಾರೆ. ನನಗೆ ಇಲ್ಲಿ ಕುಲೆಶೋವ್ ಕಾಣುತ್ತಾರೆ. ಕಾವೇರಿಯಾಗಿ ನಟಿಸಿದ ಕಲ್ಪನಾ ಅವರ ಮುಖ ಅದೇ. ಅದರ ಪಕ್ಕದಲ್ಲಿ ಜನ ‘ಆಸ್ಪತ್ರೆ’ ಎಂಬ ಶಾಟ್ ಅಂಟಿಸಿಬಿಟ್ಟಿದ್ದಾರೆ, ಇನ್ನು ಆ ಮುಖಕ್ಕೆ ಬೇರೆ ಅರ್ಥವೇ ಸಿಗುವುದಿಲ್ಲ. ಕೊನೆಗೆ ಅವಳು ನಿಜವಾಗಿಯೂ ಮತ್ತೆ ಕುಸಿಯುತ್ತಾಳೆ. ತಪ್ಪು ಓದು ಒಬ್ಬ ಮನುಷ್ಯಳನ್ನು ಮುರಿದುಹಾಕಬಹುದು ಎಂದು ಇಷ್ಟು ನೋವಿನಿಂದ ಹೇಳಿದ ಸಿನಿಮಾ ನಾನು ಬೇರೆ ನೋಡಿಲ್ಲ.

‘ಚೋಮನ ದುಡಿ’ಯಲ್ಲಿ ಕಣ್ಣಿನ ಕೆಲಸವನ್ನು ಕಿವಿಗೂ ಹಂಚಿದರು ಬಿ.ವಿ. ಕಾರಂತರು. 1975ರ ಸಿನಿಮಾ ಅದು, ಮೈಸೂರಿನ ರಂಗಾಯಣ ಕಟ್ಟುವುದಕ್ಕೆ ಹದಿನಾಲ್ಕು ವರ್ಷ ಮುಂಚೆ. ಒಂದೇ ದುಡಿ. ಚೋಮನ ಸಿಟ್ಟು, ಸಂಕಟ ಎಲ್ಲಾ ಅದರಲ್ಲೇ ಬರಬೇಕು, ಉಳುವುದಕ್ಕೆ ಸ್ವಂತ ತುಂಡು ನೆಲ ಸಿಗದವನಿಗೆ ತನ್ನದು ಅಂತ ಇದ್ದದ್ದು ಆ ಸದ್ದೊಂದೇ. ಪ್ರತಿ ಸಲ ದುಡಿ ಬಡಿದಾಗಲೂ ಹಿಂದಿನ ಬಡಿತಗಳ ಅರ್ಥ ಅದರೊಳಗೆ ಸೇರಿಕೊಳ್ಳುತ್ತದೆ.

ಮಚ್ಚಿನ ಕತೆಗೆ ವಾಪಸ್ ಬರುತ್ತೇನೆ. 1995ರಲ್ಲಿ ಉಪೇಂದ್ರ ಅವರ ‘ಓಂ’ ಬಂತು, ನಿಜವಾದ ರೌಡಿಗಳೇ ಅದರಲ್ಲಿ ಕಾಣಿಸಿಕೊಂಡಿದ್ದರು. ಅಲ್ಲಿ ಹರಿತವಾದದ್ದು ಸುಳಿವಿನ ಗುರುತು, ಆ ಮುಖಗಳ ಹಿಂದೆ ನಿಜವಾದ ಬೀದಿ ಇತ್ತು. ಆಮೇಲೆ ಮಚ್ಚು, ಲಾಂಗು ಹಿಡಿದ ಸಿನಿಮಾಗಳು ಸಾಲುಗಟ್ಟಿದವು, ಗುರುತು ಬರೀ ಒಪ್ಪಂದವಾಯಿತು. 2005ರ ‘ಜೋಗಿ’ಯಲ್ಲೂ ಲಾಂಗ್ ಇದೆ, ಆದರೆ ಎದೆ ಹಿಂಡುವುದು ಲಾಂಗ್ ಅಲ್ಲ. ಮಗ ಹೆಣದ ಮುಂದೆ ಕುಣಿಯುತ್ತಾನೆ, ಅದು ತನ್ನ ತಾಯಿಯ ಹೆಣ ಎಂದು ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಅವನ ಪಾಲಿಗೆ ಅದು ಯಾರದೋ ಸಾವಿನ ಮೆರವಣಿಗೆ. ಒಂದೇ ದೃಶ್ಯವನ್ನು ಅವನು ಒಂದು ರೀತಿ ಓದುತ್ತಿದ್ದಾನೆ, ನಾವು ಇನ್ನೊಂದು ರೀತಿ. ಮಂಡ್ಯದ ಥಿಯೇಟರಿನಲ್ಲಿ ಆ ಸೀನಿಗೆ ಗಂಡಸರು ಬಿಕ್ಕಿ ಅತ್ತದ್ದನ್ನು ನಾನೇ ನೋಡಿದ್ದೇನೆ.

ಹತ್ತು ವರ್ಷದ ನಂತರ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ರಾಮ್ ರೆಡ್ಡಿ ‘ತಿಥಿ’ ತೆಗೆದರು. ಊರಿನವರೇ ನಟರು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಅದರಲ್ಲಿ ಗಡ್ಡಪ್ಪ ಬಿಟ್ಟ ಗಡ್ಡವನ್ನೇ ನೋಡಿ. ಹಳೆಯ ಸಿನಿಮಾದಲ್ಲಿ ಗಡ್ಡ ಬಂತೆಂದರೆ ಪ್ರೇಮ ಸೋತಿದೆ ಅಥವಾ ವೈರಾಗ್ಯ ಬಂದಿದೆ ಎಂದು ಅರ್ಥ. ಇಲ್ಲಿ ಗಡ್ಡ ಅಂದರೆ ಗಡ್ಡ. ಸವೆದ ಗುರುತನ್ನು ತೊಳೆದು ವಾಪಸ್ ಕೊಟ್ಟ ಹಾಗೆ. ಇನ್ನೊಂದು ಕಡೆ, ಜಮೀನು ಮಾರಲು ಮಗ ತಮ್ಮಣ್ಣ ತಂದೆ ಸತ್ತಿದ್ದಾನೆ ಎಂದು ಸುಳ್ಳು ಸರ್ಟಿಫಿಕೇಟ್ ಮಾಡಿಸುತ್ತಾನೆ. ಕಾಗದದಲ್ಲಿ ಗಡ್ಡಪ್ಪ ಸತ್ತಿದ್ದಾನೆ, ಹೊಲದ ಬದುವಿನಲ್ಲಿ ಆರಾಮಾಗಿ ನಡೆಯುತ್ತಿದ್ದಾನೆ. ಕಾಗದದ ಶಾಟ್, ನಡೆಯುವ ಗಡ್ಡಪ್ಪನ ಶಾಟ್. ಮುಕ್ಕಣ್ಣನ ಹಾಗೆ ಮೂರನೆಯ ಅರ್ಥ ನಮ್ಮ ತಲೆಯಲ್ಲಿ ಹುಟ್ಟುತ್ತದೆ, ಅದು ಹುಟ್ಟಿದಾಗ ನಗುವೂ ಬರುತ್ತದೆ, ಹೊಟ್ಟೆಯೊಳಗೆ ಏನೋ ಚುಚ್ಚುತ್ತದೆ ಕೂಡ. ಜಮೀನಿನ ಖಾತೆಗಾಗಿ ಅಲೆದವರಿಗೆ ಈ ಚುಚ್ಚು ಜಾಸ್ತಿ.

ನೋಡುವವರ ಬದುಕು ಎಷ್ಟು ದೊಡ್ಡ ಪಾಲು ತೆಗೆದುಕೊಳ್ಳುತ್ತದೆ ಎಂದು ನನಗೆ ಗೊತ್ತಾದದ್ದು ನಮ್ಮ ಮನೆಯ ಟಿವಿ ಮುಂದೆ. ಕೆ.ಆರ್.ಎಸ್. ಬೃಂದಾವನದಲ್ಲಿ ತೆಗೆದ ಯಾವುದೋ ಹಳೆಯ ಹಾಡು ಬರುತ್ತಿತ್ತು. ಕಾರಂಜಿ, ಬಣ್ಣದ ದೀಪ, ಮೆಟ್ಟಿಲು ಇಳಿದು ಓಡುವ ನಾಯಕಿ. ಹತ್ತಾರು ಭಾಷೆಯ ಸಿನಿಮಾಗಳು ಆ ಕಾರಂಜಿಯನ್ನು ‘ಇದು ಕನಸು, ಇದು ಪ್ರೀತಿ’ ಎಂದು ತೋರಿಸಿವೆ. ನಾನೂ ಹಾಗೇ ನೋಡುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಅಪ್ಪ ವಿ.ಸಿ. ನಾಲೆಯ ನೀರನ್ನು ನಂಬಿ ಭತ್ತ ಬೆಳೆದವರು, ಅಣೆಕಟ್ಟೆ ತುಂಬುವ 124.80 ಅಡಿ ಲೆಕ್ಕವನ್ನು ಪೇಪರಿನಲ್ಲಿ ದಿನಾ ನೋಡುವವರು. ಅವರ ಕಣ್ಣು ನಾಯಕಿಯ ಹಿಂದೆ, ಫ್ರೇಮಿನ ಮೂಲೆಯಲ್ಲಿ ಕಾಣುತ್ತಿದ್ದ ಕಟ್ಟೆಯ ಗೋಡೆ ಮೇಲಿತ್ತು. ಅಲ್ಲಿ ಬೆಳ್ಳಗೆ ನೀರು ಧುಮುಕುತ್ತಿತ್ತು.

‘ನೋಡೋ, ಗೇಟು ತೆಗ್ದವ್ರೆ’ ಎಂದರು ಅಪ್ಪ. ‘ಆ ವರ್ಷ ಕಟ್ಟೆ ತುಂಬಿತ್ತು.’