ಕ್ಯಾಪ್ ಯಾವುದು ಅನ್ನುವ ಮೊದಲು, ಹಲ್ಲು ಎಷ್ಟು ಸವೆಸ್ತೀರಿ ಅಂತ ಕೇಳಿ

ಮಂಗಳೂರು, ಉಡುಪಿ ಕಡೆ ಹಲ್ಲಿನ ಡಾಕ್ಟರಿಗೆ ಬರಗಾಲ ಇಲ್ಲ. ಮಣಿಪಾಲದಲ್ಲಿ 1965ರಲ್ಲೇ ದಂತ ಕಾಲೇಜು ಶುರುವಾಯಿತು. 1985ರಲ್ಲಿ ದೇರಳಕಟ್ಟೆಯ ಎ.ಬಿ. ಶೆಟ್ಟಿ ಕಾಲೇಜು, 1987ರಲ್ಲಿ ಲೈಟ್ ಹೌಸ್ ಹಿಲ್‌ನಲ್ಲಿ ಮಣಿಪಾಲದವರದ್ದೇ ಇನ್ನೊಂದು, 1992ರಲ್ಲಿ ಯೆನೆಪೋಯ. ಕಾಸರಗೋಡಿನಿಂದ, ಘಟ್ಟದ ಮೇಲಿನಿಂದ ಬಸ್ ಹತ್ತಿ ಬರುವವರೂ ಇದ್ದಾರೆ. ಹಾಗಾಗಿ ಇಲ್ಲಿ ಮದುವೆ ಊಟದ ಸಾಲಲ್ಲೂ ಕ್ಯಾಪಿನ ಮಾತು ಬರುತ್ತದೆ. ಮೆಟಲ್ಲಾ, ಸಿರಾಮಿಕ್ಕಾ, ಝಿರ್ಕೋನಿಯಾನಾ? ವಾರಂಟಿ ಹತ್ತು ವರ್ಷವೋ ಹದಿನೈದೋ? ಲ್ಯಾಬಿನವರು ಕೊಟ್ಟ ಕಾರ್ಡನ್ನು ಪರ್ಸಲ್ಲಿ ಇಟ್ಟುಕೊಂಡು ತಿರುಗುವವರೂ ಇದ್ದಾರೆ ಮಾರಾಯ್ರೆ.

ಒಂದು ಪ್ರಶ್ನೆ ಮಾತ್ರ ಯಾರೂ ಕೇಳುವುದಿಲ್ಲ: ಈ ಕ್ಯಾಪ್ ಕೂರಿಸಲು ನನ್ನ ಹಲ್ಲನ್ನು ಎಷ್ಟು ಸವೆಸುತ್ತೀರಿ? ಕ್ಯಾಪ್ ಒಡೆದರೆ ಇನ್ನೊಂದು ಮಾಡಿಸಬಹುದು. ಸವೆಸಿದ ಹಲ್ಲು ವಾಪಸ್ ಬರಲ್ಲ. ಮತ್ತೆ ಎಷ್ಟು ಸವೆಸಬೇಕು ಅನ್ನುವುದನ್ನು ಬಹುಮಟ್ಟಿಗೆ ತೀರ್ಮಾನ ಮಾಡುವುದೇ ನೀವು ಆರಿಸುವ ಕ್ಯಾಪು. ನೂರು ವರ್ಷದ ಈ ಕಥೆಯನ್ನು ಹಾಗೆ ನೋಡಿದರೆ ಅದಕ್ಕೊಂದು ಅರ್ಥ ಬರುತ್ತದೆ.

ಮೊದಲು, ದವಡೆ ಹಲ್ಲಿಗೆ ಕ್ಯಾಪ್ ಯಾಕೆ ಅಂತ. ಕೋರಿ ರೊಟ್ಟಿ, ಚಕ್ಕುಲಿ, ಊಟವಾದ ಮೇಲೆ ಅಡಿಕೆ, ಕುಚ್ಚಲಕ್ಕಿ ಅನ್ನದಲ್ಲಿ ಕಣ್ಣು ತಪ್ಪಿಸಿ ಉಳಿದ ಒಂದು ಕಲ್ಲು, ಎಲ್ಲದರ ಪೆಟ್ಟೂ ಬೀಳುವುದು ಹಿಂದಿನ ಹಲ್ಲುಗಳ ಮೇಲೆ. ರೂಟ್ ಕೆನಾಲ್ ಮಾಡಿದ ಹಲ್ಲು ಒಣಗಿ ಸೌದೆ ಆಗಿಬಿಡುತ್ತದೆ, ಅದಕ್ಕೇ ಒಡೆಯುತ್ತದೆ ಅಂತ ಹೇಳುವವರು ಜಾಸ್ತಿ. ಅದು ಅಷ್ಟು ಸರಿಯಲ್ಲ. ಕಿತ್ತ ಹಲ್ಲುಗಳ ಮೇಲೆ 1989ರಲ್ಲಿ ಮಾಡಿದ ಒಂದು ಪ್ರಯೋಗ ಬಹಳ ಹೆಸರಾಗಿದೆ. ರೂಟ್ ಕೆನಾಲಿಗೆ ಅಂತ ಮೇಲಿಂದ ತೂತು ಕೊರೆದಾಗ ಹಲ್ಲಿನ ಗಟ್ಟಿತನ ಕಮ್ಮಿಯಾದದ್ದು ಶೇಕಡ 5 ಮಾತ್ರ. ಆದರೆ ಹಲ್ಲಿನ ಎರಡೂ ಪಕ್ಕದ ಅಂಚುಗಳನ್ನು ಸೇರಿಸಿ ಅಗಲಕ್ಕೆ ಕೊರೆದಾಗ ಶೇಕಡ 63ರಷ್ಟು ಹೋಯಿತು. ಅಂದರೆ ನರ ತೆಗೆದದ್ದು ಹಲ್ಲನ್ನು ಕೊಲ್ಲುವುದಿಲ್ಲ, ಗೋಡೆ ಹೋದದ್ದು ಕೊಲ್ಲುತ್ತದೆ. ಗೋಡೆ ಹೋದ ಹಲ್ಲಿನ ಮೇಲೆ ಜೋರಾಗಿ ಕಚ್ಚಿದರೆ ಮುಂಡುಗಳು, ಅಂದರೆ ಹಲ್ಲಿನ ಮೇಲಿನ ಉಬ್ಬುಗಳು, ಬೇರೆಬೇರೆಯಾಗಿ ಹೋಳಾಗುತ್ತವೆ, ಅದನ್ನು ತಡೆದು ಹಿಡಿಯಲಿಕ್ಕೆ ಕ್ಯಾಪು.

ಹಲ್ಲಿಗೆ ಚಿನ್ನ ಸುತ್ತುವುದು ಕ್ರಿಸ್ತಪೂರ್ವದ ಇಟಲಿಯ ಎಟ್ರುಸ್ಕನ್ನರ ಕಾಲದಲ್ಲೇ ಇತ್ತು. ಆದರೆ ಅದು ಪಟ್ಟಿ, ಕ್ಯಾಪ್ ಅಲ್ಲ. ಹಲ್ಲಿಗೆ ಸರಿಯಾಗಿ ಕೂರುವ ಎರಕದ ಕೆಲಸ ಬಂದದ್ದು 1907ರಲ್ಲಿ. ಅಮೆರಿಕದ ವಿಲಿಯಂ ಟ್ಯಾಗರ್ಟ್ ಮೇಣದಲ್ಲಿ ಅಚ್ಚು ಮಾಡಿ, ಮೇಣ ಕರಗಿಸಿ, ಆ ಜಾಗಕ್ಕೆ ಚಿನ್ನ ಎರೆದು ತೋರಿಸಿದ. ನಮ್ಮಲ್ಲಿ ಭೂತದ ಮೊಗ ಎರೆಯುವವರಿಗೆ ಇದು ಹೊಸ ವಿದ್ಯೆಯೇನಲ್ಲ. ಟ್ಯಾಗರ್ಟ್ ಪೇಟೆಂಟ್ ಮಾಡಿಸಿ ಕೋರ್ಟಿಗೂ ಹೋದ. ಆದರೆ ಅಯೋವಾದ ಫಿಲ್‌ಬ್ರೂಕ್ ಅನ್ನುವ ಡಾಕ್ಟರು ಹತ್ತು ವರ್ಷ ಮೊದಲೇ ಇದನ್ನು ಬರೆದಿಟ್ಟಿದ್ದರಿಂದ ಆ ಪೇಟೆಂಟ್ ನಿಲ್ಲಲಿಲ್ಲ.

ಚಿನ್ನದ ಗುಣ ನೋಡಿ. ತೆಳ್ಳಗೆ ಮಾಡಿದರೂ ಬಿರಿಯುವುದಿಲ್ಲ. ಎದುರಿನ ಹಲ್ಲನ್ನು ಹೆಚ್ಚುಕಮ್ಮಿ ಹಲ್ಲಿನಂತೆಯೇ ಸವೆಸುತ್ತದೆ. ಹಾಗಾಗಿ ಅದಕ್ಕೆ ಸ್ವಲ್ಪ ಜಾಗ ಸಾಕು: ಜೋರಾಗಿ ಜಗಿಯುವ ಮುಂಡುಗಳ ಮೇಲೆ 1.5 ಮಿಲಿಮೀಟರ್, ಉಳಿದ ಕಡೆ 1, ಒಸಡಿನ ಹತ್ತಿರ ಅಂಚಿನಲ್ಲಿ ಅರ್ಧ ಮಿಲಿಮೀಟರ್. ದವಡೆ ಹಲ್ಲಿಗೆ ಇಷ್ಟು ಕಮ್ಮಿ ಸವೆಸಿ, ಇಷ್ಟು ಬಾಳಿಕೆ ಬರುವ ಇನ್ನೊಂದು ವಸ್ತು ಬಹಳ ವರ್ಷ ಬರಲೇ ಇಲ್ಲ. ಹಳೆಕಾಲದ ಚಿನ್ನದ ಹಲ್ಲನ್ನು ನೋಡಿ ನಗುವ ಮೊದಲು ಇದು ನೆನಪಿರಲಿ.

ಸವೆಸುವ ಲೆಕ್ಕಾಚಾರ ಗಟ್ಟಿಯಾದದ್ದೂ ಚಿನ್ನದ ಕಾಲದಲ್ಲೇ. ಆಗಿನ ಸಿಮೆಂಟು ಹಲ್ಲಿಗೆ ಅಂಟುತ್ತಿರಲಿಲ್ಲ, ಸುಮ್ನೆ ಸಂದು ತುಂಬುತ್ತಿತ್ತು. ಕ್ಯಾಪನ್ನು ಹಿಡಿದು ನಿಲ್ಲಿಸಬೇಕಾದದ್ದು ಸವೆಸಿದ ಹಲ್ಲಿನ ಆಕಾರ. ಗೋಡೆಗಳು ಹೆಚ್ಚುಕಮ್ಮಿ ನೇರವಾಗಿದ್ದರೆ ಕ್ಯಾಪ್ ಬಿಗಿಯಾಗಿ ನಿಲ್ಲುತ್ತದೆ, ಮೇಲಕ್ಕೆ ಹೋದಂತೆ ಚೂಪಾದರೆ ಒಂದು ದಿನ ಅಂಟಂಟು ಹಲ್ವಾ ಜೊತೆ ಹೊರಗೆ ಬರುತ್ತದೆ. ಎದುರುಬದುರು ಗೋಡೆಗಳ ಓರೆ ಎರಡೂ ಸೇರಿ 6 ಡಿಗ್ರಿ ಇರಬೇಕು ಅಂತ ಹಳೆಯ ಪಾಠ. ಬಾಯಿಯೊಳಗೆ ಅದು ಸಾಧ್ಯವಾಗುವುದು ಕಷ್ಟ. 10ರಿಂದ 20 ಡಿಗ್ರಿ ಒಳಗಿದ್ದರೆ ಒಳ್ಳೆಯ ಕೆಲಸ ಅಂತ ಈಗ ಒಪ್ಪುತ್ತಾರೆ. ದವಡೆ ಹಲ್ಲಲ್ಲಿ ಇನ್ನೂ ಕಷ್ಟ. ಕೆನ್ನೆ ಅಡ್ಡ, ನಾಲಗೆ ಅಡ್ಡ, ಹಿಂಬದಿ ಗೋಡೆ ಕನ್ನಡಿಯಲ್ಲಿ ಮಾತ್ರ ಕಾಣುತ್ತದೆ, ಕೆಳಗಿನ ಹಲ್ಲು ಒಳಕ್ಕೆ ವಾಲಿರುತ್ತದೆ, ಪೇಷಂಟ್ ಬಾಯಿ ಬೇರೆ ಮುಚ್ಚುತ್ತಾ ಬರುತ್ತಾನೆ. ಮೇಲಾಗಿ ದವಡೆ ಹಲ್ಲು ಗಿಡ್ಡ. ಸವೆಸಿದ ಮೇಲೆ ಕನಿಷ್ಠ 4 ಮಿಲಿಮೀಟರ್ ಎತ್ತರ ಉಳಿಯಬೇಕು. ರೂಟ್ ಕೆನಾಲ್ ಆದ ಹಲ್ಲಾದರೆ, ತುಂಬಿಸಿದ ಸಿಮೆಂಟಿನ ಕೆಳಗೆ ಸುತ್ತಲೂ 1.5ರಿಂದ 2 ಮಿಲಿಮೀಟರ್‌ನಷ್ಟು ಸ್ವಂತ ಹಲ್ಲು ಕ್ಯಾಪಿನ ಹಿಡಿತಕ್ಕೆ ಸಿಗಬೇಕು. ಇದಿಲ್ಲದೆ ಎಷ್ಟು ದುಬಾರಿ ಕ್ಯಾಪ್ ಹಾಕಿದರೂ ಬುಡ ಸಮೇತ ಮುರಿಯುವ ಭಯ ಇದ್ದೇ ಇರುತ್ತದೆ. ಯಾವ ವಾರಂಟಿ ಕಾರ್ಡಿನಲ್ಲೂ ಇದನ್ನು ಬರೆದಿರುವುದಿಲ್ಲ.

ಇದನ್ನೆಲ್ಲ ಮಾಡುತ್ತಿದ್ದದ್ದು ಯಾವುದರಲ್ಲಿ? 1871ರಲ್ಲಿ ಅಮೆರಿಕದ ಜೇಮ್ಸ್ ಮಾರಿಸನ್ ತಂದ ಡ್ರಿಲ್ ಹೊಲಿಗೆ ಮಿಷಿನ್ ಥರ ಕಾಲಲ್ಲಿ ತುಳಿಯುವಂಥದ್ದು. ಆಮೇಲೆ ಕರೆಂಟು ಬಂತು, ಬೆಲ್ಟು ಬಂತು, ಆದರೂ ನಿಧಾನವೇ. ನಿಧಾನವಾದ್ದರಿಂದ ಜಾಸ್ತಿ ಸವೆಸುವುದು ಇಬ್ಬರಿಗೂ ಹಿಂಸೆ. 1957ರಲ್ಲಿ ಜಾನ್ ಬಾರ್ಡನ್ ಅವರ ಏರೋಟರ್ ಬಂತು. ಗಾಳಿಯ ಬಲದಲ್ಲಿ ನಿಮಿಷಕ್ಕೆ ಸುಮಾರು 3 ಲಕ್ಷ ಸುತ್ತು. ಕ್ಲಿನಿಕ್ಕಿನ ಬಾಗಿಲಲ್ಲಿ ಕೂತಾಗ ಕೇಳಿಸುವ ಆ ಕುಂಯ್ ಸದ್ದು ಇದರದ್ದೇ. ವಜ್ರದ ಪುಡಿ ಅಂಟಿಸಿದ ಬರ್, ಅಂದರೆ ಕೊರೆಯುವ ಮೊನೆ, ಹಾಕಿದರೆ ಹಲ್ಲಿನ ಹೊರಗಿನ ಗಟ್ಟಿ ಪದರ ಎನಾಮೆಲ್ ಕ್ಷಣದಲ್ಲಿ ಹೋಗುತ್ತದೆ. ನೀರು ಚಿಮುಕಿಸದೆ ಓಡಿಸಿದರೆ ಹಲ್ಲೊಳಗಿನ ನರ ಬೇಯುತ್ತದೆ. 1965ರಲ್ಲಿ ಮಂಗಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಒಳಗಿನ ಬಿಸಿ 5.5 ಡಿಗ್ರಿ ಸೆಲ್ಸಿಯಸ್ ಏರಿದಾಗಲೇ ಶೇಕಡ 15 ಹಲ್ಲುಗಳ ನರ ಸತ್ತಿತ್ತು. ನನ್ನ ಪ್ರಕಾರ ಈ ಕಥೆಯ ದೊಡ್ಡ ತಿರುವು ಯಾವ ಕ್ಯಾಪೂ ಅಲ್ಲ, ಈ ಏರೋಟರ್. ಸವೆಸುವುದು ಸುಲಭವಾಯಿತು. ಸುಲಭವಾದದ್ದನ್ನು ಜಾಸ್ತಿ ಮಾಡುತ್ತೇವೆ, ಅಲ್ವಾ?

ಜಾಸ್ತಿ ಸವೆಸಲು ಕಾರಣವೂ ಅದೇ ಹೊತ್ತಿಗೆ ಸಿಕ್ಕಿತು: ಬಿಳಿ ಹಲ್ಲಿನ ಆಸೆ. ಡೆಟ್ರಾಯಿಟ್‌ನ ಚಾರ್ಲ್ಸ್ ಲ್ಯಾಂಡ್ 1903ರ ಹೊತ್ತಿಗೇ ಪೂರ್ತಿ ಪಿಂಗಾಣಿಯ ಕ್ಯಾಪ್ ಮಾಡಿದ್ದ. ಮುಂದಿನ ಹಲ್ಲಿಗೆ ಚೆಂದ, ದವಡೆಗೆ ಹಾಕಿದರೆ ಚೂರು. 1962ರಲ್ಲಿ ವೈನ್‌ಸ್ಟೈನ್ ಮತ್ತು ಜೊತೆಗಾರರ ಪೇಟೆಂಟಿನಿಂದ ಲೋಹದ ಮೇಲೆ ಪಿಂಗಾಣಿ ಸುಟ್ಟು ಅಂಟಿಸುವ ದಾರಿ ಸಿಕ್ಕಿತು. ನಾವು ಸಿರಾಮಿಕ್ ಕ್ಯಾಪ್ ಅನ್ನುವುದು ಹೆಚ್ಚಾಗಿ ಇದನ್ನೇ. ಒಳಗೆ ಲೋಹ, ಅದರ ಕಪ್ಪು ಮುಚ್ಚಲು ಒಂದು ಪದರ, ಅದರ ಮೇಲೆ ಹಲ್ಲಿನ ಬಣ್ಣದ ಪಿಂಗಾಣಿ. ಮೂರು ಪದರಕ್ಕೆ ಜಾಗ ಬೇಕಲ್ಲ? ಜಗಿಯುವ ಮೇಲ್ಮೈಯಲ್ಲಿ 2 ಮಿಲಿಮೀಟರ್, ಪಕ್ಕದಲ್ಲಿ 1.2ರಿಂದ 1.5. ಡಾಕ್ಟರ್ ಹೆದರಿ ಕಮ್ಮಿ ಸವೆಸಿದರೆ ಲ್ಯಾಬಿನವನು ಏನು ಮಾಡುತ್ತಾನೆ? ಕ್ಯಾಪನ್ನೇ ದಪ್ಪ ಮಾಡುತ್ತಾನೆ, ಒಸಡು ಊದಿಕೊಳ್ಳುತ್ತದೆ. ಇಲ್ಲವೇ ಪಿಂಗಾಣಿ ತೆಳು ಮಾಡುತ್ತಾನೆ, ಅದು ಚಕ್ಕೆ ಏಳುತ್ತದೆ.

ಮೊದಮೊದಲು ಒಳಗಿನ ಲೋಹವೂ ಚಿನ್ನ ಬೆರೆತದ್ದೇ ಆಗಿತ್ತು. 1971ರಲ್ಲಿ ನಿಕ್ಸನ್ ಡಾಲರಿಗೂ ಚಿನ್ನಕ್ಕೂ ಇದ್ದ ಗಂಟು ಬಿಚ್ಚಿದರು. ಔನ್ಸಿಗೆ 35 ಡಾಲರ್ ಇದ್ದ ಚಿನ್ನ 1980ರ ಜನವರಿಯಲ್ಲಿ 800 ದಾಟಿತು. ಲ್ಯಾಬುಗಳು ನಿಕ್ಕಲ್ ಕ್ರೋಮಿಯಂ ಕಡೆ ತಿರುಗಿದವು. ಅಗ್ಗ, ಗಟ್ಟಿ, ಆದರೆ ನಿಕ್ಕಲ್ ಅಲರ್ಜಿ ಇರುವವರಿಗೆ ಆಗಿಬರುವುದಿಲ್ಲ. ರೋಲ್ಡ್ ಗೋಲ್ಡ್ ಓಲೆ ಹಾಕಿದರೆ ಕಿವಿ ತುರಿಸುತ್ತದೆಯಾ? ಹಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ನಮ್ಮ ಕರಾವಳಿಯ ಕಾಲೇಜುಗಳು ಬೆಳೆದದ್ದು ಈ ಕಾಲದಲ್ಲಿ. ಎಷ್ಟೋ ಡಾಕ್ಟರುಗಳ ಕೈ ಪಳಗಿದ್ದು ಸಿರಾಮಿಕ್ ಕ್ಯಾಪಿನ ಆ 2 ಮಿಲಿಮೀಟರ್ ಅಳತೆಗೆ. ಅದರಲ್ಲಿ ಅವರ ತಪ್ಪಿಲ್ಲ, ಆಗ ಬಿಳಿ ಕ್ಯಾಪಿಗೆ ಅದೇ ದಾರಿ. ಆದರೆ ಕೊಟ್ಟ ಬೆಲೆ ಎಷ್ಟು ಅಂತ ತೂಕ ಹಾಕಿ ನೋಡಿದವರಿದ್ದಾರೆ. 2002ರಲ್ಲಿ ಎಡೆಲ್‌ಹಾಫ್ ಮತ್ತು ಸೋರೆನ್‌ಸನ್ ಲೆಕ್ಕ ಹಾಕಿದಂತೆ, ದವಡೆ ಹಲ್ಲಿಗೆ ಪೂರ್ತಿ ಕ್ಯಾಪ್ ಹಾಕಲು ಒಸಡಿನ ಮೇಲಿನ ಹಲ್ಲಿನ ಮೂರರಲ್ಲಿ ಎರಡು ಭಾಗಕ್ಕಿಂತ ಜಾಸ್ತಿ ಹೋಗುತ್ತದೆ.

ಆದರೆ ಅಷ್ಟರಲ್ಲೇ ಗಾಳಿ ತಿರುಗತೊಡಗಿತ್ತು. ಝೂರಿಕ್‌ನಲ್ಲಿ ಮೋರ್ಮನ್ ಮತ್ತು ಬ್ರಾಂಡೆಸ್ಟಿನಿ 1985ರಲ್ಲಿ ಕ್ಯಾಮೆರಾದಿಂದ ಹಲ್ಲಿನ ಅಳತೆ ತೆಗೆದು, ಅಲ್ಲೇ ಮಿಷಿನ್‌ನಲ್ಲಿ ಸಿರಾಮಿಕ್ ಕೆತ್ತಿ ಕೂರಿಸಿದರು. 1998ರಲ್ಲಿ ಲಿಥಿಯಂ ಡೈಸಿಲಿಕೇಟ್ ಅನ್ನುವ ಗಾಜಿನಂಥ ಸಿರಾಮಿಕ್ ಬಂತು; ಇ-ಮ್ಯಾಕ್ಸ್ ಅಂತ ಕೇಳಿರುತ್ತೀರಿ, ಅದು 2005ರದ್ದು. ಇದರ ಬಲ ಸುಮಾರು 400 ಮೆಗಾಪಾಸ್ಕಲ್, ಹಳೆಯ ಪಿಂಗಾಣಿಯದ್ದು 100ರ ಒಳಗೆ. ಅದಕ್ಕಿಂತ ಮುಖ್ಯವಾದದ್ದು, ಒಳಮೈಯನ್ನು ಆಸಿಡ್‌ನಲ್ಲಿ ಒರಟು ಮಾಡಿದರೆ ಇದು ಹಲ್ಲಿಗೆ ನಿಜವಾಗಿ ಅಂಟುತ್ತದೆ. ಅಂಟು ಹಿಡಿದುಕೊಳ್ಳುತ್ತದೆ ಅಂದಮೇಲೆ ನಾಲ್ಕೂ ಗೋಡೆ ನೇರವಾಗಿ ಕೆತ್ತುವ ಹಠ ಬೇಕಾಗಿಲ್ಲ. ಚೆನ್ನಾಗಿರುವ ಗೋಡೆಯನ್ನು ಬಿಟ್ಟು, ಮೇಲಿನ ಮುಂಡುಗಳಿಗೆ ಮಾತ್ರ ಹೊದಿಕೆ ಹಾಕಬಹುದು. ಇದಕ್ಕೆ ಆನ್‌ಲೇ ಅನ್ನುತ್ತಾರೆ. ಎನಾಮೆಲ್ ಸಾಕಷ್ಟು ಉಳಿದಿದ್ದರೆ, ಅಂಟಿಸುವ ಹೊತ್ತಲ್ಲಿ ಎಂಜಲು ತಾಗದಂತೆ ರಬ್ಬರ್ ಹಾಳೆ ಕಟ್ಟಿ ಕೆಲಸ ಮಾಡುವ ಡಾಕ್ಟರ್ ಸಿಕ್ಕಿದರೆ, ನಾನಾದರೆ ಪೂರ್ತಿ ಕ್ಯಾಪಿಗಿಂತ ಮೊದಲು ಇದನ್ನು ಕೇಳುತ್ತೇನೆ.

ಇನ್ನು ಝಿರ್ಕೋನಿಯಾ, ಅಂದರೆ ಝಿರ್ಕೋನಿಯಂ ಲೋಹ ಆಮ್ಲಜನಕದ ಜೊತೆ ಸೇರಿ ಆದ ಸಿರಾಮಿಕ್. ಝಿರ್ಕೋನಿಯಂ ಎಂಬ ಮೂಲವಸ್ತುವನ್ನು 1789ರಲ್ಲಿ ಗುರುತಿಸಿದವರು ಜರ್ಮನಿಯ ಕ್ಲಾಪ್ರೋತ್. ಅದರ ಅದಿರು ನಮಗೆ ದೂರದ್ದೇನಲ್ಲ, ಕೇರಳದ ಚವರ ಕಡಲತೀರದ ಕಪ್ಪು ಮರಳಿನಲ್ಲಿದೆ. 1975ರಲ್ಲಿ ಆಸ್ಟ್ರೇಲಿಯಾದ ಗಾರ್ವೀ ಮತ್ತು ಸಂಗಡಿಗರು ಝಿರ್ಕೋನಿಯಾದ ವಿಚಿತ್ರ ಗುಣವನ್ನು ಬರೆದರು. ಬಿರುಕು ಹರಿಯತೊಡಗಿದರೆ ಅದರ ತುದಿಯಲ್ಲಿರುವ ಕಣಗಳು ರೂಪ ಬದಲಿಸಿ ಉಬ್ಬುತ್ತವೆ, ಬಿರುಕನ್ನು ಒತ್ತಿ ಮುಚ್ಚುತ್ತವೆ. ಬಲ 1000 ಮೆಗಾಪಾಸ್ಕಲ್ ದಾಟುತ್ತದೆ. ಹಲ್ಲಿನ ಲ್ಯಾಬಿಗೆ ಇದು ಸುಮಾರು 2000ದ ನಂತರ ಬಂತು. ಸೀಮೆಸುಣ್ಣದಷ್ಟು ಮೆತ್ತಗಿರುವ ಬಿಲ್ಲೆಯಿಂದ ಕ್ಯಾಪನ್ನು ಬೇಕಂತಲೇ ದೊಡ್ಡದಾಗಿ ಕೆತ್ತಿ, 1500 ಡಿಗ್ರಿ ಹತ್ತಿರ ಸುಡುತ್ತಾರೆ, ಶೇಕಡ 20ರಷ್ಟು ಕುಗ್ಗಿ ಅಳತೆಗೆ ಬರುತ್ತದೆ. ಮೊದಲು ಚೆಂದಕ್ಕೆ ಅಂತ ಇದರ ಮೇಲೂ ಪಿಂಗಾಣಿ ಹಚ್ಚಿದರು, ಅದು ಚಕ್ಕೆ ಎದ್ದು ಕೈಕೊಟ್ಟಿತು. 2009ರ ಹೊತ್ತಿಗೆ ಪದರವೇ ಬೇಡ, ಪೂರ್ತಿ ಝಿರ್ಕೋನಿಯಾದ್ದೇ ಮಾಡೋಣ ಅಂತಾಯಿತು. ಇದಕ್ಕೆ ಮೇಲ್ಮೈಯಲ್ಲಿ 1 ಮಿಲಿಮೀಟರ್ ಸಾಕು, ಅಂಚಿಗೆ ಅರ್ಧ. ಲೆಕ್ಕ ಮತ್ತೆ ಚಿನ್ನದ ಹತ್ತಿರ ಬಂತು, ಈ ಸಲ ಬಿಳಿ ಬಣ್ಣದಲ್ಲಿ.

ಆದರೆ ಝಿರ್ಕೋನಿಯಾ ಅಂದರೆ ಒಂದೇ ಅಲ್ಲ. ಹೊಳಪಿಗೆ, ಬೆಳಕು ಹಾಯಲಿಕ್ಕೆ ಅಂತ ಇಟ್ರಿಯಾ ಎಂಬ ಇನ್ನೊಂದು ಆಕ್ಸೈಡನ್ನು ಜಾಸ್ತಿ ಬೆರೆಸಿದ ಬಗೆಯಲ್ಲಿ ಬಲ ಸುಮಾರು 600-700ಕ್ಕೆ ಇಳಿಯುತ್ತದೆ, ಬಿರುಕು ಮುಚ್ಚುವ ಗುಣವೂ ಹೆಚ್ಚುಕಮ್ಮಿ ಹೋಗುತ್ತದೆ. ಮುಂದಿನ ಹಲ್ಲಿಗೆ ಸರಿ. ಕೊನೆಯ ದವಡೆಗೆ, ಅದರಲ್ಲೂ ರಾತ್ರಿ ಹಲ್ಲು ಕಡಿಯುವವರಿಗೆ, ಹಳೆಯ ಗಟ್ಟಿ ಬಗೆಯೇ ವಾಸಿ. ಅಲ್ಲಿ ಬಣ್ಣ ನೋಡುವವರು ಯಾರು? ಹಣ ಕಮ್ಮಿ ಇದ್ದರೆ ಪೂರ್ತಿ ಮೆಟಲ್ ಕ್ಯಾಪೂ ಒಳ್ಳೆಯದೇ, ನಾಚಿಕೆ ಬೇಡ. ಪಿಂಗಾಣಿ ಹಚ್ಚಿದ ಕ್ಯಾಪಿಗಿಂತ ಹಲ್ಲನ್ನು ಅದು ಜಾಸ್ತಿ ಉಳಿಸುತ್ತದೆ. ಹಲ್ಲು ಗಿಡ್ಡವಾಗಿದ್ದು ಗೋಡೆಗೆ ಎತ್ತರವೇ ಇಲ್ಲದಿದ್ದರೆ ಬ್ರ್ಯಾಂಡಿನ ಚರ್ಚೆ ಬಿಟ್ಟು, ಒಸಡು ಸ್ವಲ್ಪ ಇಳಿಸಬೇಕಾ ಅಂತ ಕೇಳಿ. ಹಳೆಯ ಕ್ಯಾಪಿಗೆ ಅಂತ ಮೊದಲೇ 2 ಮಿಲಿಮೀಟರ್ ಸವೆದ ಹಲ್ಲಿಗೆ ಈಗ ತೆಳು ಝಿರ್ಕೋನಿಯಾದಿಂದ ಉಳಿಸುವಂಥದ್ದು ಏನೂ ಉಳಿದಿಲ್ಲ, ಅಲ್ಲಿ ಯಾವುದಾದರೂ ಆದೀತು.

ಕ್ಯಾಪ್ ಕೂರಿಸುವ ದಿನ ಕಚ್ಚಿ ನೋಡಿ ಅಂತ ನೀಲಿ ಕಾಗದ ಕೊಡುತ್ತಾರೆ. ಎತ್ತರ ಅನ್ನಿಸಿದ ಕಡೆ ಬರ್‌ನಿಂದ ಉಜ್ಜುತ್ತಾರೆ. ಝಿರ್ಕೋನಿಯಾದಲ್ಲಿ ಹಾಗೆ ಉಜ್ಜಿದ ಜಾಗ ಒರಟಾಗಿಯೇ ಉಳಿದರೆ ಎದುರಿನ ಹಲ್ಲನ್ನು ತಿನ್ನುತ್ತದೆ. ನುಣ್ಣಗೆ ಪಾಲಿಶ್ ಮಾಡಿದರೆ ಅಂಥ ತೊಂದರೆ ಕೊಡುವುದಿಲ್ಲ. ನಾಲಗೆ ಆಡಿಸಿ ನೋಡಿ. ತರಿತರಿ ಅನ್ನಿಸಿದರೆ ಕುರ್ಚಿಯಿಂದ ಏಳುವ ಮೊದಲೇ "ಡಾಕ್ಟ್ರೇ, ಇಲ್ಲಿ ಸ್ವಲ್ಪ ಪಾಲಿಶ್ ಮಾಡಿಕೊಡಿ" ಅನ್ನಿ. ಅದಕ್ಕೆ ಬೇರೆ ಚಾರ್ಜ್ ಹಾಕುವುದಿಲ್ಲ.