ಎಕ್ಸ್-ರೇ ಫಿಲ್ಮ್‌ಗೆ ಸಿಕ್ಕದ ಬಿರುಕು

ಬೆಸುಗೆಯ ಎಕ್ಸ್-ರೇ ಫಿಲ್ಮ್‌ನಲ್ಲಿ ಕಲೆಯಿಲ್ಲವೆಂದ ಮಾತ್ರಕ್ಕೆ ಒಳಗೆ ದೋಷವೇ ಇಲ್ಲವೆಂದು ತೀರ್ಮಾನಿಸುವವರನ್ನು ತಪಾಸಣೆಯ ಕೆಲಸದಲ್ಲಿ ಮೇಲಿಂದ ಮೇಲೆ ಕಾಣುತ್ತೇನೆ. ಕಿರಣ ಹಾದುಹೋದ ದಾರಿಯಲ್ಲಿ ಲೋಹದ ದಪ್ಪ ಗುರುತಿಸುವಷ್ಟು ಕಡಿಮೆಯಾಗಿಲ್ಲ ಎಂಬುದಷ್ಟೇ ಆ ಫಿಲ್ಮ್ ನೀಡುವ ಭರವಸೆ.

ಲೋಹ ಎಕ್ಸ್-ರೇಯನ್ನು ಹೀರಿಕೊಳ್ಳುತ್ತದೆ. ಒಳಗೆ ಅನಿಲದ ಗುಳ್ಳೆಯಿದ್ದಲ್ಲಿ ಹೀರಿಕೆ ತಗ್ಗಿ, ಹೆಚ್ಚು ಕಿರಣ ತಲುಪಿ, ಫಿಲ್ಮ್‌ನಲ್ಲಿ ದುಂಡನೆಯ ಕಪ್ಪು ಚುಕ್ಕೆ ಮೂಡುತ್ತದೆ. ಟಂಗ್‌ಸ್ಟನ್ ಕಡ್ಡಿ ಬಳಸಿ ಮಾಡುವ ಟಿಗ್ ಬೆಸುಗೆಯೊಳಗೆ ಸೇರಿಕೊಂಡ ಆ ಕಡ್ಡಿಯ ಚೂರು ಉಕ್ಕಿಗಿಂತ ಬಹಳ ಸಾಂದ್ರವಾದ್ದರಿಂದ ಬಿಳಿಯಾಗಿಯೇ ಕಾಣುತ್ತದೆ. ಇವೆರಡನ್ನು ಹೊಸಬರೂ ಗುರುತಿಸಬಲ್ಲರು.

ತೊಡಕಿರುವುದು ಬಿರುಕಿನಲ್ಲಿ. 20 ಮಿ.ಮೀ. ದಪ್ಪದ ಉಕ್ಕಿನ ತಟ್ಟೆಯಲ್ಲಿ 2 ಮಿ.ಮೀ. ಆಳದ, 0.05 ಮಿ.ಮೀ. ಬಾಯಿಯ ಬಿರುಕೊಂದಿದೆ ಎನ್ನೋಣ. ಅದು ಕಿರಣದ ದಿಕ್ಕಿನಲ್ಲೇ ನಿಂತಿದ್ದರೆ ಅಲ್ಲಿ ಲೋಹ ಶೇ. 10ರಷ್ಟು ಕಡಿಮೆಯಾಗುವುದರಿಂದ ಸಣ್ಣ ಕಪ್ಪು ಗೆರೆ ಕಾಣುವ ಸಾಧ್ಯತೆ ಚೆನ್ನಾಗಿಯೇ ಇದೆ. ಅದೇ ಬಿರುಕು ತಟ್ಟೆಯ ಮೈಗೆ ಸಮಾಂತರವಾಗಿ ಮಲಗಿದ್ದರೆ ಕಡಿಮೆಯಾಗುವುದು ಶೇ. 0.25 ಮಾತ್ರ, ದಪ್ಪದ ಶೇ. 2ರಷ್ಟು ವ್ಯತ್ಯಾಸ ಕಂಡರೆ ಸಾಕೆಂದು ತೆಗೆದ ಫಿಲ್ಮ್‌ನಲ್ಲಿ ಅದರ ಸುಳಿವೂ ಸಿಗದು. ಫಿಲ್ಮ್‌ನ ಗುಣಮಟ್ಟ ತೋರಿಸಲು ಇಡುವ ಸಣ್ಣ ತಂತಿಗಳು ಸ್ಪಷ್ಟವಾಗಿ ಕಂಡರೂ ಅವು ಬಿರುಕಿನ ದಿಕ್ಕಿಗೆ ಸಾಕ್ಷಿಯಲ್ಲ.

ಹೀಗೆ ಮಲಗಿದ ದೋಷವನ್ನೇ, ಲೋಹದೊಳಕ್ಕೆ ಶಬ್ದ ಕಳಿಸಿ ಅದರ ಪ್ರತಿಧ್ವನಿ ಗಮನಿಸುವ ಅಲ್ಟ್ರಾಸಾನಿಕ್ ತಪಾಸಣೆ ಸಲೀಸಾಗಿ ಹಿಡಿಯುತ್ತದೆ. ಉಕ್ಕಿನಲ್ಲಿ ಶಬ್ದದ ನೀಳ ತರಂಗ ಸೆಕೆಂಡಿಗೆ ಸುಮಾರು 5,900 ಮೀಟರ್ ಸಾಗುತ್ತದೆ. ಅದೇ ತಟ್ಟೆಯ ತಳಕ್ಕೆ ಹೋಗಿ ಸುಮಾರು 6.8 ಮೈಕ್ರೋಸೆಕೆಂಡಿಗೆ ಮರಳಬೇಕಾದ ಪ್ರತಿಧ್ವನಿಗೆ ಮೊದಲೇ, 4.1ರ ಹೊತ್ತಿಗೆ ಇನ್ನೊಂದು ಬಂದರೆ 12 ಮಿ.ಮೀ. ಆಳದಲ್ಲಿ ಏನೋ ಇದೆಯೆಂದರ್ಥ. ಎಕ್ಸ್-ರೇಯ ಒಂದೇ ಚಿತ್ರದಿಂದ ಈ ಆಳ ತಿಳಿಯುವುದಿಲ್ಲ. ಹಾಗೆಂದು ಇದನ್ನೇ ಎಲ್ಲೆಡೆ ನೆಚ್ಚುವಂತಿಲ್ಲ: ಒರಟು ಕಣರಚನೆಯ ಸ್ಟೇನ್‌ಲೆಸ್ ಎರಕಗಳಲ್ಲಿ ಶಬ್ದ ಚದುರಿ ಪರದೆಯ ತುಂಬ ಗದ್ದಲವೇ ಉಳಿಯುತ್ತದೆ, ಅಲ್ಲಿ ನನ್ನ ಮೊದಲ ಆಯ್ಕೆ ಎಕ್ಸ್-ರೇಯೇ. ಸಿ.ಟಿ. ಸ್ಕ್ಯಾನ್ ಎರಡರ ಕೊರತೆಯನ್ನೂ ಬಹುಮಟ್ಟಿಗೆ ತುಂಬುತ್ತದೆಯಾದರೂ ದಪ್ಪ ಉಕ್ಕನ್ನು ಭೇದಿಸುವುದು ಅದಕ್ಕೂ ಕಷ್ಟ.

ಆದ್ದರಿಂದ ಉಪಕರಣ ಆರಿಸುವ ಮುನ್ನ ಆ ಭಾಗ ತಯಾರಾದ ಬಗೆಯನ್ನು ಕೇಳುತ್ತೇನೆ, ಏಕೆಂದರೆ ದೋಷ ಯಾವ ದಿಕ್ಕಿಗೆ ಬಿದ್ದಿರಬಹುದೆಂಬುದು ಅದರಿಂದಲೇ ತಿಳಿಯುತ್ತದೆ. ರೋಲ್ ಮಾಡಿದ ತಟ್ಟೆಯಲ್ಲಿ ಪದರ ಬಿಟ್ಟ ದೋಷ ಮೈಗೆ ಸಮಾಂತರವಾಗಿರುತ್ತದೆ. ಒಟ್ಟು 60 ಡಿಗ್ರಿ ಕೋನದ ವಿ-ಬೆಸುಗೆಯಲ್ಲಿ ಲೋಹ ಬೆಸೆಯದೆ ಉಳಿದ ಜಾಗ ಲಂಬಕ್ಕೆ 30 ಡಿಗ್ರಿ ಓರೆಯಾಗಿ ನಿಲ್ಲುವುದರಿಂದ, ಅದಕ್ಕೆ ಶಬ್ದವನ್ನು ಲಂಬಕ್ಕೆ 60 ಡಿಗ್ರಿ ಓರೆಯಾಗಿ ಕಳಿಸುವ ಪ್ರೋಬ್ ಹಿಡಿದು, ಶಬ್ದ ತಳಕ್ಕೆ ಬಡಿದು ಮೇಲೇರುವಾಗ ಆ ಅಂಚಿಗೆ ನೇರವಾಗಿ ತಾಗುವಷ್ಟು ದೂರದಲ್ಲಿ ಪ್ರೋಬನ್ನು ಇಡಬೇಕು.