21 ದಿನ ಮುಗಿಯಿತು, ರೂಢಿ ಏಕೆ ಬೀಳಲಿಲ್ಲ?

ಪ್ರಶ್ನೆ: ಸರ್, ವಿಜಯಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಬೆಳಿಗ್ಗೆ 5 ಗಂಟೆಗೆ ಎದ್ದು ಓದುವುದನ್ನು 21 ದಿನ ತಪ್ಪದೆ ಮಾಡಿದರೆ ಅಭ್ಯಾಸವಾಗಿಬಿಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. 21 ದಿನ ಮಾಡಿದೆ. 22ನೇ ದಿನ ಏಳಲು ಮನಸ್ಸೇ ಬರಲಿಲ್ಲ. ನನ್ನಲ್ಲಿ ಛಲ ಕಡಿಮೆಯೇ?

ಉತ್ತರ: ಛಲ ಕಡಿಮೆ ಇದ್ದವರು 21 ದಿನ ಬೆಳಿಗ್ಗೆ 5 ಗಂಟೆಗೆ ಏಳುವುದಿಲ್ಲ. ತಪ್ಪಿರುವುದು ನಿಮಗೆ ಹೇಳಿಕೊಟ್ಟ ಲೆಕ್ಕ. ಇದೇ ಪ್ರಶ್ನೆ ಇಂಡಿಯಿಂದ ಬರುತ್ತದೆ, ಜಮಖಂಡಿಯಿಂದ ಬರುತ್ತದೆ, ಗೋಕಾಕದಿಂದ ಬರುತ್ತದೆ. ಒಬ್ಬರಿಗೆ ಓದು, ಇನ್ನೊಬ್ಬರಿಗೆ ನಡಿಗೆ, ಮತ್ತೊಬ್ಬರಿಗೆ ದಿನಚರಿ ಬರೆಯುವುದು. ವಿಷಯ ಯಾವುದಾದರೂ 21 ಎಂಬ ಸಂಖ್ಯೆ ಮಾತ್ರ ಬದಲಾಗುವುದಿಲ್ಲ. ಎಷ್ಟು ಸಲ ಉತ್ತರಿಸಿದರೂ ಮರುವಾರ ಅದೇ ಸಂಖ್ಯೆ ಹೊತ್ತ ಇನ್ನೊಂದು ಪತ್ರ ಬಂದಿರುತ್ತದೆ. ಆದ್ದರಿಂದ ಈ ಸಲ ಅದರ ಬೇರಿಗೇ ಕೈ ಹಾಕುತ್ತೇನೆ.

ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬವರು ಅಮೆರಿಕದ ಪ್ಲಾಸ್ಟಿಕ್ ಸರ್ಜನ್. 1960ರಲ್ಲಿ ‘ಸೈಕೋ-ಸೈಬರ್ನೆಟಿಕ್ಸ್’ ಎಂಬ ಪುಸ್ತಕ ಬರೆದರು. ಮುಖದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ ಸುಮಾರು 21 ದಿನ ಬೇಕಾಗುತ್ತದೆ ಎಂಬುದು ಅವರ ಅನುಭವ. ಕೈಕಾಲು ಕಳೆದುಕೊಂಡವರಿಗೂ ಸುಮಾರು ಅಷ್ಟು ದಿನ ಆ ಅಂಗ ಇನ್ನೂ ಇದ್ದಂತೆಯೇ ಅನಿಸುತ್ತದೆ ಎಂದು ಅವರು ಗಮನಿಸಿದ್ದರು. ವೈದ್ಯರೊಬ್ಬರು ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಬರೆದಿಟ್ಟರು, ಅಷ್ಟೇ. ಅಲ್ಲಿ ಬೆಳಗಿನ ಓದೂ ಇಲ್ಲ, ವ್ಯಾಯಾಮವೂ ಇಲ್ಲ. ಬಾಯಿಂದ ಬಾಯಿಗೆ ಸಾಗುವಾಗ ‘ಕನಿಷ್ಠ’ ಬಿದ್ದುಹೋಯಿತು, ‘ಸುಮಾರು’ ಬಿದ್ದುಹೋಯಿತು, ಶಸ್ತ್ರಚಿಕಿತ್ಸೆಯೂ ಬಿದ್ದುಹೋಯಿತು. ಉಳಿದದ್ದು 21 ದಿನ. ಆ ಸಂಖ್ಯೆಯನ್ನು ನಂಬಿ ನಮ್ಮ ಹುಡುಗರು ತಮ್ಮನ್ನೇ ಅಪ್ರಯೋಜಕರೆಂದು ಹಳಿದುಕೊಳ್ಳುತ್ತಿದ್ದಾರೆ. ನನಗೆ ಸಿಟ್ಟು ಬರುವುದು ಇದಕ್ಕೇ.

ದೂರದ ಪುರಾವೆ ಬೇಡವೆನ್ನುವವರು ನಮ್ಮ ಶ್ರಾವಣವನ್ನೇ ನೋಡಲಿ. ಶ್ರಾವಣವೆಂದರೆ 29 ಅಥವಾ 30 ದಿನ. ಆ ತಿಂಗಳಿಡೀ ಎಷ್ಟೋ ಮನೆಗಳಲ್ಲಿ ಮಾಂಸ ಬಂದ್, ಕುಡಿತ ಬಂದ್, ಬೆಳಿಗ್ಗೆ ತಣ್ಣೀರಿನ ಸ್ನಾನ, ಸಂಜೆ ಮಠದಲ್ಲಿ ಪುರಾಣ. 21 ದಾಟಿ ಇನ್ನೊಂದು ವಾರ ಹೆಚ್ಚೇ ಆಯಿತಲ್ಲ. 21 ದಿನದ ಮಾತು ನಿಜವಾಗಿದ್ದರೆ ಭಾದ್ರಪದದಲ್ಲಿ ಮದ್ಯದಂಗಡಿಗಳು ಬಾಗಿಲು ಹಾಕಬೇಕಿತ್ತು. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ಒಂದೊಂದು ಊರಿನಲ್ಲಿ ತಿಂಗಳುಗಟ್ಟಲೆ ಪ್ರವಚನ ನೀಡುತ್ತಿದ್ದ ದಿನಗಳನ್ನು ನೆನೆಯಿರಿ. ನಸುಕಿನಲ್ಲಿ ಎದ್ದು, ಸ್ನಾನ ಮಾಡಿ, ಸಾವಿರಾರು ಜನ ಸದ್ದಿಲ್ಲದೆ ಬಂದು ಕೂರುತ್ತಿದ್ದರು. ಪ್ರವಚನ ಮುಗಿದ ಮೇಲೂ ಅದೇ ನಸುಕಿಗೆ ಎದ್ದವರು ಕೆಲವರೇ. ಉಳಿದವರ ಶ್ರದ್ಧೆ ಸುಳ್ಳಾಗಿತ್ತೇ? ಖಂಡಿತ ಇಲ್ಲ. ಎಬ್ಬಿಸುತ್ತಿದ್ದ ಕಾರಣ ಹೋಯಿತು, ಏಳುವುದೂ ಹೋಯಿತು.

ವ್ರತಕ್ಕೆ ಮುಗಿಯುವ ದಿನ ಇರುತ್ತದೆ. ಆ ದಿನ ಕಣ್ಣಮುಂದೆ ಇರುವುದರಿಂದಲೇ ಮನಸ್ಸನ್ನು ಬಿಗಿಹಿಡಿಯಲು ಸಾಧ್ಯವಾಗುತ್ತದೆ. ಅದೇ ವ್ರತದ ಶಕ್ತಿ. ರೂಢಿಗೆ ಮುಗಿಯುವ ದಿನವಿಲ್ಲ. ಅದು ಬಿದ್ದಮೇಲೆ ಮನಸ್ಸನ್ನು ಅಷ್ಟಾಗಿ ಬಿಗಿಹಿಡಿಯುವ ಅಗತ್ಯವೂ ಇರುವುದಿಲ್ಲ. ನೀವು ಮಾಡಿದ್ದು 21 ದಿನದ ವ್ರತ, ಅದನ್ನು ಚೆನ್ನಾಗಿಯೇ ಮಾಡಿದ್ದೀರಿ. 22ನೇ ದಿನ ವ್ರತ ಮುಗಿದಿತ್ತು.

ಹಾಗಾದರೆ ನಿಜವಾಗಿ ಎಷ್ಟು ದಿನ ಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ಇದನ್ನೇ ಅಳೆದು 2010ರಲ್ಲಿ ಪ್ರಕಟಿಸಿದರು. 96 ಜನ ತಮಗೆ ಬೇಕಾದ ಒಂದೊಂದು ಕೆಲಸ ಆರಿಸಿಕೊಂಡು, ದಿನವೂ ಒಂದೇ ಸಂದರ್ಭದಲ್ಲಿ, ಉದಾಹರಣೆಗೆ ಬೆಳಗಿನ ಉಪಾಹಾರದ ನಂತರ, 12 ವಾರ ಮಾಡಿದರು. ಕೆಲಸ ಯೋಚಿಸದೆ ತಾನಾಗಿ ಆಗುವ ಮಟ್ಟ ಮುಟ್ಟಲು ಒಬ್ಬರಿಗೆ 18 ದಿನ ಸಾಕಾಯಿತು. ಇನ್ನೊಬ್ಬರಿಗೆ 254 ದಿನ ಬೇಕಾದೀತೆಂದು ಲೆಕ್ಕ ಬಂತು. ನಟ್ಟನಡುವಿನ ಸಂಖ್ಯೆ 66. ನೀರು ಕುಡಿಯುವಂಥ ಸುಲಭದ ಕೆಲಸ ಬೇಗ ರೂಢಿಯಾಯಿತು, ವ್ಯಾಯಾಮ ನಿಧಾನವಾಯಿತು. ದಯವಿಟ್ಟು ಈಗ 66ನ್ನು ಗೋಡೆಗೆ ಬರೆದುಕೊಳ್ಳಬೇಡಿ. ಈಗಾಗಲೇ ಹಾಗೆ ಬರೆದುಕೊಂಡವರ ಪತ್ರಗಳೂ ಬರತೊಡಗಿವೆ. 18 ಮತ್ತು 254ರ ನಡುವೆ ನೀವು ಎಲ್ಲಿ ನಿಲ್ಲುತ್ತೀರಿ ಎಂದು ಯಾರೂ ಮೊದಲೇ ಹೇಳಲಾರರು.

ಅದೇ ಅಧ್ಯಯನದ ಇನ್ನೊಂದು ಮಾತು ನಿಮ್ಮಂಥ ವಿದ್ಯಾರ್ಥಿಗಳಿಗೆ ಬಹಳ ಮುಖ್ಯ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರ ಗುಡಿಯ ಜಾತ್ರೆಗೆ ಹೋಗಿ ಓದು ತಪ್ಪಿತು, ಮತ್ತೆ ಒಂದರಿಂದ ಎಣಿಸಬೇಕೇ ಎಂದು ಕೇಳುತ್ತಾರೆ. ಬೇಡ. ಜಾತ್ರೆ ನೋಡಿ, ಮರುದಿನ ಅದೇ ಜಾಗದಲ್ಲಿ ಕೂರಿ. ಒಂದು ದಿನದ ತಪ್ಪಿಗಿಂತ, ತಪ್ಪಿತಲ್ಲ ಎಂಬ ಕೊರಗಿನಲ್ಲಿ ಕಳೆಯುವ ವಾರ ದೊಡ್ಡ ನಷ್ಟ.

ದಿನಗಳ ಎಣಿಕೆ ಬಿಟ್ಟು ಏನು ಮಾಡಬೇಕು? ಜಾಗ ಹಿಡಿಯಬೇಕು, ಹೊತ್ತು ಹಿಡಿಯಬೇಕು. ಹೊಲದಿಂದ ಮರಳುವ ಎತ್ತು ಯಾರೂ ಹೊಡೆಯದೆ ಮನೆಯ ದಾರಿ ಹಿಡಿಯುವುದು ದಾರಿ ನಿತ್ಯ ಅದೇ ಆಗಿರುವುದರಿಂದ. ದಿನಕ್ಕೊಂದು ದಾರಿಯಲ್ಲಿ ಹೊಡೆದರೆ ವರ್ಷವಾದರೂ ಅದು ಕಲಿಯದು. ‘ನಾಳೆಯಿಂದ ಓದುತ್ತೇನೆ’ ಎನ್ನುವುದಕ್ಕಿಂತ ‘ಮುಖ ತೊಳೆದು ಚಹಾ ಕುಡಿದ ಕೂಡಲೇ ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತು ಇತಿಹಾಸದ ಪುಸ್ತಕ ತೆರೆಯುತ್ತೇನೆ’ ಎಂದು ನಿಶ್ಚಯಿಸಿದವರು ಹೆಚ್ಚು ಮಾಡಿ ತೋರಿಸುತ್ತಾರೆ. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಅವರ ಸಂಶೋಧನೆಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ಗಡಿಯಾರದ 5 ಗಂಟೆಗೆ ಓದನ್ನು ಕಟ್ಟಬೇಡಿ, ಚಹಾಕ್ಕೆ ಕಟ್ಟಿ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಮಾಳಿಗೆಯ ಮೇಲೆ ನಿದ್ದೆ ಹತ್ತುವಾಗ ನಡುರಾತ್ರಿಯಾಗಿರುತ್ತದೆ. ಅಂಥ ದಿನ ಏಳುವುದು 6 ಗಂಟೆಯಾದರೂ ಚಹಾ ತಪ್ಪುವುದಿಲ್ಲ, ಓದೂ ತಪ್ಪುವುದಿಲ್ಲ. ಮೊದಮೊದಲು ಎರಡೇ ಪುಟ ಸಾಕು. ನನ್ನ ವಿದ್ಯಾರ್ಥಿನಿಯೊಬ್ಬಳು ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಮೇಲೆ ಒಂದೇ ಪುಟ ಬರೆಯುತ್ತಿದ್ದಳು, ಅದಕ್ಕಿಂತ ಹೆಚ್ಚಿಲ್ಲ. ಇಂದು ಅವಳ ಕನ್ನಡದ ಬರವಣಿಗೆಯನ್ನು ಯಾರ ಮುಂದೆ ಬೇಕಾದರೂ ಇಟ್ಟು, ಇವಳು ನಮ್ಮ ಶಾಲೆಯ ಹುಡುಗಿ ಎಂದು ಹೆಮ್ಮೆಯಿಂದ ಹೇಳುತ್ತೇನೆ.

ಯಾರೂ ಕೇಳದ ಒಂದು ಪ್ರಶ್ನೆಯೂ ಇದೆ: ಊರು ಬದಲಾದರೆ ರೂಢಿ ಏನಾಗುತ್ತದೆ? ಮನೋವಿಜ್ಞಾನಿ ವೆಂಡಿ ವುಡ್ ಮತ್ತು ಸಂಗಡಿಗರು ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಸೇರಿದ ವಿದ್ಯಾರ್ಥಿಗಳ ವ್ಯಾಯಾಮ, ಪತ್ರಿಕೆ ಓದು, ಟಿ.ವಿ. ನೋಡುವುದು ಇವನ್ನು ಗಮನಿಸಿ 2005ರಲ್ಲಿ ಬರೆದರು. ಹೊಸ ಜಾಗದಲ್ಲೂ ಹಳೆಯ ಸಂದರ್ಭವೇ ಸಿಕ್ಕಲ್ಲಿ ರೂಢಿ ಉಳಿಯಿತು, ಸಿಗದಲ್ಲಿ ಮುರಿಯಿತು. ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿನ ಮುಳುಗಡೆಯ ನಂತರ ನವನಗರಕ್ಕೆ ಬಂದ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಓಣಿ, ಗುಡಿ, ಕಟ್ಟೆ ಬದಲಾದಾಗ ದಿನದ ಕ್ರಮವೇ ಕಲಕಿಹೋದದ್ದನ್ನು ಅವರು ಬದುಕಿ ನೋಡಿದ್ದಾರೆ.

ನನ್ನ ಮನಸ್ಸಿಗೆ ಹೆಚ್ಚು ತಟ್ಟುವುದು ಮದುವೆಯಾಗಿ ಹೋಗುವ ಹೆಣ್ಣುಮಕ್ಕಳ ಸಂಗತಿ. ತವರಿನಲ್ಲಿ ನಿತ್ಯ ಓದುತ್ತಿದ್ದವಳು, ಹಾಡುತ್ತಿದ್ದವಳು ಗಂಡನ ಮನೆಯಲ್ಲಿ ಎಲ್ಲ ಬಿಟ್ಟಳು ಎಂದರೆ ಅವಳಿಗೆ ಆಸಕ್ತಿ ಹೋಯಿತು ಎಂದು ಮನೆಯವರು ತಿಳಿಯುತ್ತಾರೆ, ಕೊನೆಗೆ ಅವಳೂ ಹಾಗೆಯೇ ತಿಳಿಯುತ್ತಾಳೆ. ಅವಳ ಮೇಜು ಹೋಗಿದೆ, ಅವಳ ಹೊತ್ತು ಬೇರೆಯವರ ಊಟ-ತಿಂಡಿಗೆ ಹೋಗಿದೆ. ಅತ್ತೆ, ಗಂಡ ಇಬ್ಬರೂ ಸೇರಿ ಮೊದಲ ವಾರದಲ್ಲೇ ಅವಳಿಗೆ ಒಂದು ಮೂಲೆ, ಅರ್ಧ ಗಂಟೆ ಬಿಟ್ಟುಕೊಡಲಿ. ಹೊಸ ಮನೆಯಲ್ಲಿ ದಿನದ ಕ್ರಮ ಇನ್ನೂ ಗಟ್ಟಿಯಾಗದ ಹೊತ್ತಿನಲ್ಲೇ ಓದು ಸೇರಿಕೊಳ್ಳುವುದು ಸುಲಭ. ಆರು ತಿಂಗಳಾದ ಮೇಲೆ ಜಾಗ ಹುಡುಕುವುದು ಬಹಳ ಕಷ್ಟ.

ನೀವೂ ರಜೆಗೆ ಊರಿಗೆ ಹೋಗುವಾಗ ಚೀಲದಲ್ಲಿ ಅದೇ ಪುಸ್ತಕ ಇಟ್ಟುಕೊಳ್ಳಿ. ಹೋದ ಮೊದಲ ಬೆಳಿಗ್ಗೆಯೇ ಪಡಸಾಲೆಯಲ್ಲೋ ಮಾಳಿಗೆಯಲ್ಲೋ ಒಂದು ಜಾಗ ಆರಿಸಿ, ಚಹಾ ಆದ ಕೂಡಲೇ ಅಲ್ಲಿ ಕೂರುತ್ತೇನೆಂದು ತಾಯಿಗೆ ಹೇಳಿಬಿಡಿ.